ಮೊದಲು ಯಾವುದು ನೋಡೋಣ?

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಮಧುಗಿರಿ, ಕೊರಟಗೆರೆ ಕಡೆಯ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕದ ಕರಪತ್ರಗಳು ಹೋಟೆಲಿನ ಗೋಡೆಗೂ ಬಸ್ ನಿಲ್ದಾಣದ ಕಂಬಕ್ಕೂ ಅಂಟಿಕೊಳ್ಳುತ್ತವೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಲಿತ ರೈತರು, ಅಂಗಡಿಯವರು, ಗಾರೆ ಕೆಲಸದವರು ಬಾಡಿಗೆ ಸೀನರಿಯ ಮುಂದೆ ಕಿರೀಟ ತೊಟ್ಟು ನಿಲ್ಲುತ್ತಾರೆ. ರಾತ್ರಿ ಊಟ ಮುಗಿಯುವ ಹೊತ್ತಿಗೆ ಏಳುವ ಪರದೆ ಇಳಿಯುವುದು ಮೂಡಲು ಕೆಂಪಾದ ಮೇಲೆ.

ನೋಡುವವರೆಲ್ಲ ಒಟ್ಟಿಗೆ ಬರುವುದಿಲ್ಲ. ಕೆಲವರು ಶ್ರೀಕೃಷ್ಣನ ಶಯನಗೃಹದ ದೃಶ್ಯಕ್ಕೇ ಚಾಪೆ ಹಾಸಿರುತ್ತಾರೆ. ಇನ್ನು ಕೆಲವರು ತೋಟಕ್ಕೆ ನೀರು ಕಟ್ಟಿ, ಮೋಟಾರಿನ ಕರೆಂಟು ಹೋದ ಮೇಲೆ ಕಂಬಳಿ ಹೊದ್ದು ನಡುರಾತ್ರಿಗೆ ಬರುತ್ತಾರೆ. ಬಂದಾಗ ವೇದಿಕೆಯ ಮೇಲೆ ಕುಂತಿ ಕರ್ಣನ ಮುಂದೆ ನಿಂತಿದ್ದರೆ ಅವರು ಯಾರನ್ನೂ ಏನೂ ಕೇಳುವುದಿಲ್ಲ. ಹಿಂದೆ ಏನಾಗಿದೆ, ಮುಂದೆ ಏನಾಗಲಿದೆ ಎಂಬುದೆಲ್ಲ ಅವರ ತಲೆಯಲ್ಲೇ ಇರುತ್ತದೆ. ಕತೆಯ ಯಾವ ಬಾಗಿಲಿನಿಂದ ಒಳಹೊಕ್ಕರೂ ಮನೆ ಗುರುತಿನದೇ.

ಇಂಥ ಪ್ರೇಕ್ಷಕರ ಮನೆಯ ಕಾಲೇಜು ಹುಡುಗನಿಗೆ ಮಾರ್ವೆಲ್ ಚಿತ್ರಗಳನ್ನು ನೋಡಬೇಕೆಂಬ ಆಸೆ ಹುಟ್ಟಿದಾಗ ಈ ನಿರಾಳತೆ ಇರುವುದಿಲ್ಲ. ಮೊಬೈಲು ತೆರೆದರೆ ಐರನ್ ಮ್ಯಾನ್, ಥಾರ್, ಕ್ಯಾಪ್ಟನ್ ಅಮೆರಿಕ, ಹಲ್ಕ್, ಬ್ಲ್ಯಾಕ್ ಪ್ಯಾಂಥರ್ ಸಾಲಾಗಿ ನಿಂತಿರುತ್ತಾರೆ. ಒಬ್ಬನ ಚಿತ್ರದಲ್ಲಿ ಇನ್ನೊಬ್ಬ ಕಾಣಿಸಿಕೊಳ್ಳುತ್ತಾನೆ. ಒಂದು ಚಿತ್ರದಲ್ಲಿ ಸಿಕ್ಕ ಕಲ್ಲು ಐದು ಚಿತ್ರಗಳ ಆಚೆ ಯುದ್ಧಕ್ಕೆ ಕಾರಣವಾಗುತ್ತದೆ. ಎಲ್ಲಿಂದ ಶುರುಮಾಡಬೇಕು ಎಂಬ ಪ್ರಶ್ನೆ ಹತ್ತು ವರ್ಷಗಳಿಂದ ಲೋಕದ ಎಲ್ಲ ಕಡೆ ಸಿನಿಮಾಪ್ರಿಯರನ್ನು ಕಾಡಿದೆ. ಶಿರಾ, ಪಾವಗಡದ ಹುಡುಗರನ್ನೂ ಬಿಟ್ಟಿಲ್ಲ. ಈ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ. ಅದರ ಅರ್ಧ ಭಾಗವನ್ನು ಕನ್ನಡದ ಒಬ್ಬ ಕವಿ ಸಾವಿರ ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದಾನೆ.

ಮೊದಲು ತೊಡಕು ಏನೆಂದು ನೋಡಬೇಕು. ಮಾರ್ವೆಲ್ ಸಂಸ್ಥೆಯ ಈ ಸರಣಿ 2008ರ ‘ಐರನ್ ಮ್ಯಾನ್’ ಚಿತ್ರದಿಂದ ಶುರುವಾಯಿತು. ಹೆಸರುಗಳ ಪಟ್ಟಿ ಓಡಿ ಮುಗಿದ ಮೇಲೆ ಬಂದ ಒಂದು ಪುಟ್ಟ ತುಣುಕಿನಲ್ಲಿ ನಿಕ್ ಫ್ಯೂರಿ ಎಂಬಾತ ಕತ್ತಲಿನಿಂದ ಹೊರಬಂದು ‘ಅವೆಂಜರ್ಸ್’ ಎಂಬ ಮಾತು ಎತ್ತಿದ. ಬೇರೆ ಬೇರೆ ಚಿತ್ರಗಳ ನಾಯಕರೆಲ್ಲ ಒಂದೇ ಲೋಕದವರು ಎಂದು ಪ್ರೇಕ್ಷಕರಿಗೆ ಹೊಳೆದದ್ದು ಆಗ. 2012ರಲ್ಲಿ ಅವರೆಲ್ಲ ‘ದಿ ಅವೆಂಜರ್ಸ್’ ಚಿತ್ರದಲ್ಲಿ ಒಟ್ಟಿಗೆ ನಿಂತರು. 2019ರ ಏಪ್ರಿಲ್‌ನಲ್ಲಿ ಬಂದ ‘ಅವೆಂಜರ್ಸ್: ಎಂಡ್‌ಗೇಮ್’ ಸರಣಿಯ 22ನೇ ಚಿತ್ರ. ಅದೊಂದೇ ಮೂರು ಗಂಟೆ ಒಂದು ನಿಮಿಷ ಓಡುತ್ತದೆ. ಇಪ್ಪತ್ತೆರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಸುಮಾರು 48 ಗಂಟೆ, ಅಂದರೆ ನಿದ್ದೆಯಿಲ್ಲದ ಎರಡು ಹಗಲು, ಎರಡು ರಾತ್ರಿ ಬೇಕು.

ಚಿತ್ರಗಳು ತೆರೆಗೆ ಬಂದ ಕ್ರಮ ಒಂದು. ಅವುಗಳೊಳಗಿನ ಕತೆ ನಡೆಯುವ ಕಾಲದ ಕ್ರಮ ಇನ್ನೊಂದು. 2011ರಲ್ಲಿ ಬಂದ ‘ಕ್ಯಾಪ್ಟನ್ ಅಮೆರಿಕ: ದಿ ಫಸ್ಟ್ ಅವೆಂಜರ್’ ಎರಡನೇ ಮಹಾಯುದ್ಧದ ಕಾಲದ್ದು. 2019ರ ‘ಕ್ಯಾಪ್ಟನ್ ಮಾರ್ವೆಲ್’ ನಡೆಯುವುದು 1995ರಲ್ಲಿ. 2021ರಲ್ಲಿ ಬಂದ ‘ಬ್ಲ್ಯಾಕ್ ವಿಡೋ’ 2016ರ ‘ಸಿವಿಲ್ ವಾರ್’ ಚಿತ್ರದ ಬೆನ್ನಿಗೇ ನಡೆಯುವ ಕತೆ. ಕಾಲವನ್ನು ಹಿಡಿದು ಜೋಡಿಸಿದರೆ ಕ್ಯಾಪ್ಟನ್ ಅಮೆರಿಕ ಮೊದಲಾಗುತ್ತಾನೆ, ಕ್ಯಾಪ್ಟನ್ ಮಾರ್ವೆಲ್ ಎರಡನೆಯವಳಾಗುತ್ತಾಳೆ, ಸರಣಿಯನ್ನೇ ಹುಟ್ಟಿಸಿದ ಐರನ್ ಮ್ಯಾನ್ ಅವರ ಹಿಂದೆ ಸರಿಯುತ್ತಾನೆ.

ನೇರವಾದ ಕತೆ ನೇರವಾಗಿಯೇ ಚೆನ್ನ ಎಂದು ತೋರುವುದು ಸಹಜ. ಅಜ್ಜಿ ರಾಮಾಯಣ ಹೇಳುವಾಗಲೂ ದಶರಥನಿಂದಲೇ ಶುರುಮಾಡುತ್ತಾಳೆ. ಆದರೆ ಈ ಸರಣಿಯಲ್ಲಿ ಕಾಲದ ಕ್ರಮ ಹಿಡಿದವರಿಗೆ ಎರಡನೇ ಚಿತ್ರದಲ್ಲೇ ಪೆಟ್ಟು ಬೀಳುತ್ತದೆ. ‘ಕ್ಯಾಪ್ಟನ್ ಮಾರ್ವೆಲ್’ ಕತೆ 1995ರದಾದರೂ ಅದರ ಹೆಸರುಗಳ ಪಟ್ಟಿಯ ನಡುವೆ ಬರುವ ತುಣುಕು 2018ರ ‘ಇನ್ಫಿನಿಟಿ ವಾರ್’ ಮುಗಿದ ನಂತರದ್ದು. ಇನ್ನೂ ಪರಿಚಯವೇ ಆಗದ ವೀರರು ಅಲ್ಲಿ ಒಂದು ಮಹಾಸೋಲಿನ ನಂತರ ಮುಖ ಬಾಡಿಸಿಕೊಂಡು ನಿಂತಿರುತ್ತಾರೆ. ‘ಬ್ಲ್ಯಾಕ್ ವಿಡೋ’ ಚಿತ್ರದ ಕೊನೆಯ ತುಣುಕೂ ಹಾಗೆಯೇ: ‘ಎಂಡ್‌ಗೇಮ್’ನಲ್ಲಿ ಎದೆ ಹಿಂಡಬೇಕಾದ ಒಂದು ಸಾವಿನ ಸುದ್ದಿಯನ್ನು ಅದು ಮೊದಲೇ ಹೇಳಿಬಿಡುತ್ತದೆ. ಕತೆಯ ಕಾಲ ಯಾವುದೇ ಇರಲಿ, ಆ ಚಿತ್ರಗಳನ್ನು ಕಟ್ಟಿದವರು ನೋಡುವವನಿಗೆ ಅಷ್ಟರಲ್ಲಿ ಏನೇನು ಗೊತ್ತಿರುತ್ತದೆ ಎಂಬ ಲೆಕ್ಕದ ಮೇಲೆ ಕಟ್ಟಿದ್ದಾರೆ. ಆ ಲೆಕ್ಕ ಇರುವುದು ತೆರೆಗೆ ಬಂದ ಕ್ರಮದಲ್ಲಿ.

ಇದನ್ನು ಪಾವಗಡದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮೂರು ಕಡೆ ಆಂಧ್ರದ ಗಡಿ ಸುತ್ತುವರಿದ ಈ ತಾಲ್ಲೂಕಿನಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು ಓಡಾಡುತ್ತದೆ, ತೆಲುಗು ಸಿನಿಮಾ ಮನೆಯ ಸಿನಿಮಾವೇ. 2015ರ ಜುಲೈನಲ್ಲಿ ‘ಬಾಹುಬಲಿ’ ಮುಗಿದದ್ದು ಒಂದು ಪ್ರಶ್ನೆಯ ಮೇಲೆ. ಕಟ್ಟಪ್ಪ ಬಾಹುಬಲಿಯನ್ನು ಏಕೆ ಕೊಂದ ಎಂಬ ಆ ಪ್ರಶ್ನೆ ಎರಡನೇ ಭಾಗ ಬಂದ 2017ರ ಏಪ್ರಿಲ್‌ವರೆಗೆ ಚಹಾದಂಗಡಿ, ಬಸ್ಸು, ತರಗತಿಗಳಲ್ಲೆಲ್ಲ ಸುತ್ತಿತು. ಎರಡನೇ ಭಾಗದ ಹೆಚ್ಚಿನ ಕತೆ ಮೊದಲ ಭಾಗಕ್ಕಿಂತ ಹಿಂದಿನದು, ತಂದೆಯ ಕಾಲದ್ದು. ಕಾಲದ ಕ್ರಮವೇ ಸರಿ ಎಂದು ಅದನ್ನೇ ಮೊದಲು ನೋಡಿದರೆ ಉತ್ತರ ಕೈಗೆ ಬಂದಿರುತ್ತದೆ, ಪ್ರಶ್ನೆ ಮಾತ್ರ ಹುಟ್ಟಿರುವುದೇ ಇಲ್ಲ.

ಕನ್ನಡದ ಮಟ್ಟಿಗೆ ಈ ಮಾತಿಗೆ ಅತ್ಯಂತ ಒಳ್ಳೆಯ ಸಾಕ್ಷಿ ರನ್ನ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆದ ಈ ಮುಧೋಳದ ಕವಿಯ ಮುಂದೆ ಪಂಪನ ‘ವಿಕ್ರಮಾರ್ಜುನ ವಿಜಯ’ ಇತ್ತು. 941ರ ಸುಮಾರಿನ ಆ ಕಾವ್ಯ ಭಾರತದ ಕತೆಯನ್ನು ಬುಡದಿಂದ ಹಿಡಿದು ಹೇಳಿ ಮುಗಿಸಿತ್ತು. ರನ್ನ ಅದೇ ದಾರಿ ಹಿಡಿಯಲಿಲ್ಲ. ಅವನ ‘ಗದಾಯುದ್ಧ’ ಶುರುವಾಗುವ ಹೊತ್ತಿಗೆ ಯುದ್ಧ ಬಹುಪಾಲು ಮುಗಿದೇಹೋಗಿದೆ, ಉಳಿದಿರುವುದು ಭೀಮ ದುರ್ಯೋಧನರ ಕೊನೆಯ ಲೆಕ್ಕ ಮಾತ್ರ. ಸೋತ ದೊರೆ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ಅಲ್ಲಿ ದ್ರೋಣ ಬಿದ್ದಿದ್ದಾನೆ, ಇಲ್ಲಿ ಅಭಿಮನ್ಯು, ಮುಂದೆ ದುಶ್ಶಾಸನ, ಕರ್ಣ. ಒಂದೊಂದು ಹೆಣದ ಮುಂದೆ ನಿಂತಾಗಲೂ ಹಿಂದಿನದೊಂದು ಕತೆ ಮೇಲೆದ್ದು ಬರುತ್ತದೆ. ಹೀಗೆ ಕೊನೆಯಲ್ಲಿ ನಿಂತು ಹಿಂದಿರುಗಿ ನೋಡುತ್ತ ಇಡೀ ಭಾರತವನ್ನು ಹೇಳುವ ಈ ಬಗೆಯನ್ನು ಸಿಂಹಾವಲೋಕನ ಎನ್ನುತ್ತಾರೆ. ಸಿಂಹ ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡುವ ಹಾಗೆ.

ರನ್ನ ಕಾಲವನ್ನು ಹೀಗೆ ಮುರಿದದ್ದರಿಂದಲೇ ದುರ್ಯೋಧನ ಓದುಗನ ಕಣ್ಣಲ್ಲಿ ಎತ್ತರಕ್ಕೆ ಏರುತ್ತಾನೆ. ಯಾರೋ ವಿದ್ವಾಂಸರು ‘ಗದಾಯುದ್ಧ’ದ ಘಟನೆಗಳನ್ನು ನಡೆದ ಕ್ರಮಕ್ಕೆ ಜೋಡಿಸಿ ಅಚ್ಚು ಹಾಕಿದರೆ ಮಾಹಿತಿಯೇನೂ ಕಳೆಯುವುದಿಲ್ಲ. ಕಳೆಯುವುದು ಕಾವ್ಯ. ಸೂಪರ್‌ಹೀರೋ ಸರಣಿಯನ್ನು ಕಾಲದ ಕ್ರಮಕ್ಕೆ ಬಗ್ಗಿಸಿ ನೋಡುವವರಿಗೆ ಆಗುವ ನಷ್ಟವೂ ಇದೇ ಜಾತಿಯದು.

ಒಂದೇ ಲೋಕದ ಕತೆಯನ್ನು ಹಲವು ಕೈಗಳು ಮುಂದುವರಿಸುವುದೂ ಕನ್ನಡಕ್ಕೆ ಹೊಸದಲ್ಲ. ಕುಮಾರವ್ಯಾಸ ಹೇಳಿದ್ದು ಭಾರತದ ಹತ್ತು ಪರ್ವಗಳನ್ನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರ್ತಿ ಮಾಡಿದ. ಲಕ್ಷ್ಮೀಶನ ‘ಜೈಮಿನಿ ಭಾರತ’ ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕುದುರೆಯ ಹಿಂದೆ ಹೊರಟು ಸುಧನ್ವ, ಬಭ್ರುವಾಹನ, ಚಂದ್ರಹಾಸರ ಕತೆಗಳನ್ನು ಒಂದೊಂದಾಗಿ ತೆರೆಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ದೊಡ್ಡ ಯುದ್ಧದ ಚಿತ್ರ ಮುಗಿದ ಮೇಲೆ ಒಬ್ಬೊಬ್ಬ ವೀರನಿಗೆ ಸಿಕ್ಕ ಬಿಡಿ ಚಿತ್ರಗಳು ಅವು. 1977ರಲ್ಲಿ ಹುಣಸೂರು ಕೃಷ್ಣಮೂರ್ತಿ ‘ಬಭ್ರುವಾಹನ’ ಚಿತ್ರ ಮಾಡಿ, ಅರ್ಜುನನಾಗಿಯೂ ಅವನ ಮಗನಾಗಿಯೂ ರಾಜ್‌ಕುಮಾರ್ ನಟಿಸಿದಾಗ ಯಾವ ಪ್ರೇಕ್ಷಕನೂ ‘ಇದಕ್ಕೆ ಮುಂಚೆ ಏನು ನೋಡಿರಬೇಕು’ ಎಂದು ಕೇಳಲಿಲ್ಲ. ಮುಂಚಿನದೆಲ್ಲ ನಾಟಕದಲ್ಲಿ, ಗಮಕದಲ್ಲಿ, ಹರಿಕಥೆಯಲ್ಲಿ ಆಗಲೇ ಕಿವಿಗೆ ಬಿದ್ದಿತ್ತು.

ತುಮಕೂರು ಜಿಲ್ಲೆಗೆ ಈ ವಿಷಯದಲ್ಲಿ ಎರಡು ಪಾಲು ಹೆಚ್ಚಿನ ನಂಟಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಈ ಜಿಲ್ಲೆಯದು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಕಂಪ್ಯೂಟರಿನಲ್ಲಿ ಸೇನೆ ಸೃಷ್ಟಿಸುವ ಕಾಲಕ್ಕಿಂತ ಎಷ್ಟೋ ಮೊದಲು ಜನ ಬಾಯಿ ಬಿಟ್ಟು ನೋಡಿದ ದೊಡ್ಡ ದೃಶ್ಯ ಅದು. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಇನ್ನೊಂದು ಧಾರೆ ಹರಿಯುತ್ತದೆ. ದನ ಕಾಯುವ ವೀರ ಜುಂಜಪ್ಪನ ಕಾವ್ಯವನ್ನು ಅಲ್ಲಿ ಗಣೆ ಎಂಬ ಉದ್ದನೆಯ ಬಿದಿರ ಕೊಳಲಿನ ನಾದದೊಂದಿಗೆ ಹಾಡುತ್ತಾರೆ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಆ ವೀರನ ನೆಲೆ. ಎತ್ತಪ್ಪ, ಕ್ಯಾತಪ್ಪರಿಗೂ ಅವರವರ ಕತೆಗಳಿವೆ. ಒಂದೇ ಸಮುದಾಯದ ಹಲವು ವೀರರು, ಒಂದೇ ಹುಲ್ಲುಗಾವಲಿನ ಲೋಕ. ದಕ್ಷಿಣದ ಮಲೆ ಮಹದೇಶ್ವರ ಕಾವ್ಯವಂತೂ ‘ಸಾಲು’ಗಳಾಗಿಯೇ ವಿಂಗಡವಾಗಿದೆ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು ಹೀಗೆ. ಅದನ್ನು ಹಾಡುವ ಕಂಸಾಳೆಯವರು ಒಂದು ರಾತ್ರಿಗೆ ಒಂದು ಸಾಲು ಹಿಡಿದರೂ ಕೇಳುವವರಿಗೆ ಕೊರತೆ ಕಾಣುವುದಿಲ್ಲ.

ಹಾಗಾದರೆ ಯಾವ ಕತೆಗೆ ಕ್ರಮ ಬೇಕು, ಯಾವುದಕ್ಕೆ ಬೇಡ? ಕನ್ನಡ ಚಿತ್ರಗಳನ್ನೇ ಮುಂದಿಟ್ಟುಕೊಂಡರೆ ಇದು ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಕೆಲವು ಸರಣಿಗಳು ಬಿಡಿ ಹೂಗಳು. 1968ರಲ್ಲಿ ದೊರೆ–ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಪ್ರಕಾಶನಾಗಿ ನಿಲ್ಲಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಸುಮಾರು ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಕನ್ನಡದ ಮೊದಲ ಪತ್ತೇದಾರಿ ವೀರಸರಣಿ ಎಂದು ಇವನ್ನು ಜನ ಇಂದಿಗೂ ನೆನೆಯುತ್ತಾರೆ. ಒಂದು ಚಿತ್ರದ ಖಳ ಆ ಚಿತ್ರದಲ್ಲೇ ಮುಗಿಯುತ್ತಾನೆ. ಮುಂದಿನದಕ್ಕೆ ದಾಟಿ ಬರುವುದು ಪ್ರಕಾಶ, ಅವನ ಸಂಖ್ಯೆ, ಅವನ ಠೀವಿ ಇಷ್ಟೇ. ಆದ್ದರಿಂದ ಯಾವುದನ್ನು ಮೊದಲು ನೋಡಿದರೂ ಸರಿ. ಆದರೂ ‘ಜೇಡರ ಬಲೆ’ಯಿಂದ ಶುರುಮಾಡಿ ‘ಡೈಮಂಡ್ ರಾಕೆಟ್’ಗೆ ಬಂದರೆ ಕಪ್ಪು ಬಿಳುಪಿನಿಂದ ಬಣ್ಣಕ್ಕೆ ಬಂದ ಕನ್ನಡ ಚಿತ್ರರಂಗದ ಹತ್ತು ವರ್ಷಗಳ ನಡಿಗೆಯೂ ಕಣ್ಣಿಗೆ ಕಾಣುತ್ತದೆ.

ಕೆಲವು ಸರಣಿಗಳು ಹಗ್ಗದಂತೆ, ನಡುವೆ ಕಡಿದರೆ ಎರಡೂ ತುಂಡು ಬಿಚ್ಚಿಕೊಳ್ಳುತ್ತವೆ. ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ಅಂಥದ್ದು. 2018ರ ಡಿಸೆಂಬರ್ 21ಕ್ಕೆ ಬಂದ ಮೊದಲ ಅಧ್ಯಾಯದಲ್ಲಿ ಅನಂತ್ ನಾಗ್ ಪಾತ್ರ ಹೇಳಲು ಶುರುಮಾಡಿದ ಕತೆಯನ್ನು 2022ರ ಏಪ್ರಿಲ್ 14ಕ್ಕೆ ಬಂದ ಎರಡನೆಯದರಲ್ಲಿ ಪ್ರಕಾಶ್ ರಾಜ್ ಪಾತ್ರ ಮುಂದುವರಿಸುತ್ತದೆ. ನಾಯಕ ತಾಯಿಗೆ ಕೊಟ್ಟ ಮಾತು ಮೊದಲ ಅಧ್ಯಾಯದಲ್ಲಿ ಎದೆಗೆ ಇಳಿಯದಿದ್ದರೆ ಎರಡನೆಯದರ ಅಂತ್ಯ ಬರೀ ಗದ್ದಲವಾಗಿ ಕೇಳುತ್ತದೆ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಎರಡು ಭಾಗಗಳೂ 2023ರಲ್ಲಿ ಎರಡೂವರೆ ತಿಂಗಳ ಅಂತರದಲ್ಲಿ ಬಂದವು. ಅಲ್ಲಿ ಸೈಡ್ ಎ ಬಿಟ್ಟು ಸೈಡ್ ಬಿ ನೋಡಿದವರಿಗೆ ನಾಯಕ ಮನುವಿನ ದುಃಖ ಯಾರದೋ ದುಃಖವಾಗಿ ಉಳಿಯುತ್ತದೆ.

ಮೂರನೇ ಬಗೆ ಹಿಂದಕ್ಕೆ ಬೆಳೆಯುವ ಸರಣಿ. ಎಚ್ಚರ ಹೆಚ್ಚು ಬೇಕಾಗಿರುವುದು ಇಲ್ಲಿಯೇ. 2017ರ ‘ಮಫ್ತಿ’ಯಲ್ಲಿ ಶಿವರಾಜ್‌ಕುಮಾರ್ ಅವರ ಭೈರತಿ ರಣಗಲ್ ಬಹುಹೊತ್ತು ಬರೀ ಹೆಸರಾಗಿ ಸುಳಿದಾಡುತ್ತಾನೆ. ಊರು ಅವನ ಬಗ್ಗೆ ಮಾತಾಡುವ ರೀತಿ, ಜನರ ಭಯ, ಭಕ್ತಿ ಎಲ್ಲ ಮೊದಲು ಬಂದು ಅವನು ಆಮೇಲೆ ಬರುತ್ತಾನೆ. ಅವನು ಹಾಗೇಕೆ ಆದ ಎಂದು ಹೇಳುವ ‘ಭೈರತಿ ರಣಗಲ್’ ಬಂದದ್ದು 2024ರ ನವೆಂಬರ್‌ನಲ್ಲಿ. ಕತೆಯ ಕಾಲ ನೋಡಿದರೆ ಇದೇ ಮೊದಲು. ಆದರೆ ಇದನ್ನು ಮೊದಲು ನೋಡಿದವನಿಗೆ ‘ಮಫ್ತಿ’ಯ ಆ ನಿಗೂಢ ಮನುಷ್ಯ ಆಗಲೇ ಪರಿಚಯದವನಾಗಿರುತ್ತಾನೆ, ಅವನ ಪ್ರವೇಶಕ್ಕೆ ಕಾಯುವ ಸುಖ ಹೋಗಿರುತ್ತದೆ. ರಿಷಬ್ ಶೆಟ್ಟಿ ಅವರ ‘ಕಾಂತಾರ’ವೂ ಹಾಗೆ. 2022ರ ಸೆಪ್ಟೆಂಬರ್ 30ರ ಚಿತ್ರ ಕಾಡಿನೊಳಗೆ ಮಾಯವಾಗುವ ಕೊನೆಯಲ್ಲಿ ಎಬ್ಬಿಸಿದ ಪ್ರಶ್ನೆಯ ಬೇರು ಹುಡುಕಿಕೊಂಡು, 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ ಅಧ್ಯಾಯ 1’ ಕದಂಬರ ಕಾಲಕ್ಕೆ ಹೋಗುತ್ತದೆ. ಹೆಸರಿನಲ್ಲಿ ‘ಅಧ್ಯಾಯ 1’ ಇದೆಯೆಂದು ಅದರಿಂದಲೇ ಶುರುಮಾಡುವ ಹೊಸಬರು ಇದ್ದಾರೆ. 2022ರ ಚಿತ್ರ ನೋಡಿ ಇದಕ್ಕೆ ಬಂದರೆ ದೈವದ ಕೂಗು ಕಿವಿಗೆ ಬೀಳುವ ಬಗೆಯೇ ಬೇರೆ. ಅಮೆರಿಕದ ‘ಸ್ಟಾರ್ ವಾರ್ಸ್’ ಕೂಡ ಇದೇ ಗೊಂದಲ ಕಂಡಿದೆ. 1977ರಲ್ಲಿ ಬಂದ ಮೊದಲ ಚಿತ್ರ ಇಂದು ನಾಲ್ಕನೇ ಸಂಚಿಕೆ, 1999ರಲ್ಲಿ ಬಂದದ್ದು ಒಂದನೇ ಸಂಚಿಕೆ.

ಇಷ್ಟರ ಮೇಲೆ ಮಾರ್ವೆಲ್‌ನ ದಾರಿ ತಾನಾಗಿ ತಿಳಿಯಾಗುತ್ತದೆ. ಮೊದಲ ಸಲ ನೋಡುವವರು 2008ರ ‘ಐರನ್ ಮ್ಯಾನ್’ನಿಂದ ಹಿಡಿದು ಚಿತ್ರಗಳು ಬಂದ ಕ್ರಮದಲ್ಲೇ ‘ಎಂಡ್‌ಗೇಮ್’ವರೆಗೆ ನಡೆಯಬೇಕು. ಅದರ ಬೆನ್ನಿಗೆ 2019ರ ಜುಲೈನ ‘ಸ್ಪೈಡರ್‌ಮ್ಯಾನ್: ಫಾರ್ ಫ್ರಮ್ ಹೋಮ್’ ನೋಡಿದರೆ 23 ಚಿತ್ರಗಳ ಆ ಮಹಾಕಂತು ಪೂರ್ತಿಯಾಗುತ್ತದೆ. ಹೆಸರುಗಳ ಪಟ್ಟಿ ಓಡಲು ಶುರುವಾದೊಡನೆ ಎದ್ದುಬಿಡಬಾರದು. ಮುಂದಿನ ಚಿತ್ರದ ಬೀಗದ ಕೈ ಇರುವುದು ಅಲ್ಲಿ. ಎಲ್ಲವನ್ನೂ ಒಮ್ಮೆ ನೋಡಿದ ಮೇಲೆ ಎರಡನೇ ಸಲ ಕಾಲದ ಕ್ರಮ ಹಿಡಿಯಬಹುದು. ಆಗ ಅಚ್ಚರಿಗಳು ಇರುವುದಿಲ್ಲ, ಬದಲಿಗೆ ಸಣ್ಣ ಸಣ್ಣ ಎಳೆಗಳು ಕಾಣುತ್ತವೆ. ಯುದ್ಧಕಾಲದ ಒಂದು ನೀಲಿ ಪೆಟ್ಟಿಗೆ ಎಪ್ಪತ್ತು ವರ್ಷಗಳಲ್ಲಿ ಯಾರ ಯಾರ ಕೈ ದಾಟಿತು ಎಂದು ಹಿಂಬಾಲಿಸುವ ಸೊಗಸು ಅದರಲ್ಲಿದೆ.

ಎಲ್ಲರಿಗೂ 48 ಗಂಟೆ ಬಿಡುವಿರುವುದಿಲ್ಲ. ಮೊಬೈಲಿನ ದಿನದ ಡೇಟಾ ಲೆಕ್ಕ ಹಾಕಿ ಸಿನಿಮಾ ನೋಡುವವರಿಗೆ, ವಾರಕ್ಕೊಂದು ಭಾನುವಾರ ಮಾತ್ರ ಸಿಗುವವರಿಗೆ ಹತ್ತು ಚಿತ್ರಗಳ ಅಡ್ಡದಾರಿ ಸಾಕು. ‘ಐರನ್ ಮ್ಯಾನ್’, ‘ಕ್ಯಾಪ್ಟನ್ ಅಮೆರಿಕ: ದಿ ಫಸ್ಟ್ ಅವೆಂಜರ್’, ‘ದಿ ಅವೆಂಜರ್ಸ್’, 2014ರ ‘ವಿಂಟರ್ ಸೋಲ್ಜರ್’ ಮತ್ತು ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’, 2016ರ ‘ಸಿವಿಲ್ ವಾರ್’, 2017ರ ‘ಥಾರ್: ರ‍್ಯಾಗ್ನರಾಕ್’, 2018ರ ‘ಬ್ಲ್ಯಾಕ್ ಪ್ಯಾಂಥರ್’ ಮತ್ತು ‘ಇನ್ಫಿನಿಟಿ ವಾರ್’, ಕೊನೆಗೆ ‘ಎಂಡ್‌ಗೇಮ್’. ಇವುಗಳಲ್ಲಿ ಮುಖ್ಯ ವೀರರೂ ಅವರ ನಡುವಿನ ಬಿರುಕೂ ಬಂದುಹೋಗುತ್ತವೆ. ಬಿಟ್ಟದ್ದನ್ನು ಆಮೇಲೆ ಬೇಕಾದಾಗ ಒಂದೊಂದಾಗಿ ತೆರೆಯಬಹುದು.

ನಮ್ಮ ನೆರೆಯಲ್ಲೇ ಹುಟ್ಟುತ್ತಿರುವ ಸರಣಿಗಳನ್ನು ಹಿಡಿಯಲು ಇದು ಒಳ್ಳೆಯ ಸಮಯ, ಏಕೆಂದರೆ ಅವಿನ್ನೂ ಮೊದಲ ಮೆಟ್ಟಿಲಲ್ಲಿವೆ. ಪ್ರಶಾಂತ್ ವರ್ಮಾ ಅವರ ತೆಲುಗು ‘ಹನುಮಾನ್’ 2024ರ ಸಂಕ್ರಾಂತಿಗೆ ಬಂದು ಒಂದು ಹೊಸ ಲೋಕದ ಬಾಗಿಲು ತೆರೆಯಿತು. ಅದರ ಮುಂದುವರಿಕೆಯಾಗಿ ಘೋಷಣೆಯಾದ ‘ಜೈ ಹನುಮಾನ್’ ಚಿತ್ರಕ್ಕೆ ಆಂಜನೇಯನಾಗಿ ಆರಿಸಿದ್ದು ನಮ್ಮ ರಿಷಬ್ ಶೆಟ್ಟಿ ಅವರನ್ನು. ಮಲಯಾಳಂನ ‘ಲೋಕಃ ಅಧ್ಯಾಯ 1: ಚಂದ್ರ’ 2025ರ ಆಗಸ್ಟ್‌ನಲ್ಲಿ ಬಂತು. ಕೇರಳದ ಕಳ್ಳಿಯಂಕಾಟ್ಟು ನೀಲಿಯ ಜನಪದ ಕತೆಯಿಂದ ಎದ್ದುಬಂದ ಆ ನಾಯಕಿ ಬಂದು ನೆಲೆಸುವುದು ಬೆಂಗಳೂರಿನಲ್ಲಿ. ಟೊವಿನೊ ಥಾಮಸ್ ಅಭಿನಯದ ‘ಮಿನ್ನಲ್ ಮುರಳಿ’ 2021ರ ಕ್ರಿಸ್‌ಮಸ್ ಮುನ್ನಾದಿನ ಕನ್ನಡ ಧ್ವನಿಯಲ್ಲೂ ಮನೆಗೆ ಬಂದಿತ್ತು. ಸಿಡಿಲು ಬಡಿದು ಶಕ್ತಿ ಪಡೆದ ಊರ ದರ್ಜಿಯ ಕತೆ ಅದು. ನೀಲಿಯನ್ನೂ ಹನುಮಂತನನ್ನೂ ವೀರರನ್ನಾಗಿ ಮಾಡಿದವರು ಕತೆಯನ್ನು ತಮ್ಮ ನೆಲದಿಂದಲೇ ಎತ್ತಿಕೊಂಡರು. ಗಣೆಯ ನಾದದಲ್ಲಿ ಬದುಕಿರುವ ಜುಂಜಪ್ಪನಂಥ ವೀರ ಶಿರಾ ಸೀಮೆಯಲ್ಲೇ ಇದ್ದಾನೆ. ಕಾಡುಗೊಲ್ಲರ ಹಾಡುಗಾರರನ್ನು ಜೊತೆಗಿಟ್ಟುಕೊಂಡು, ಅವರ ಗೌರವಕ್ಕೆ ಕುಂದು ಬರದಂತೆ ಆ ಲೋಕವನ್ನು ಪರದೆಗೆ ತರುವ ಕನ್ನಡದ ನಿರ್ದೇಶಕರು ಬರಬೇಕು.

ಇತ್ತ ಕುರುಕ್ಷೇತ್ರದ ಪೆಂಡಾಲಿನಲ್ಲಿ ಬೆಳಗಿನ ಜಾವ ಗದೆಗಳು ಮೇಲೇಳುತ್ತವೆ. ತೊಡೆ ಮುರಿದ ದುರ್ಯೋಧನ ಕೊನೆಯ ಕಂದ ಹಾಡಿ ಮುಗಿಸಿದಾಗ ಯಾರೋ ಒನ್ಸ್ ಮೋರ್ ಕೂಗುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಮತ್ತೆ ಶ್ರುತಿ ಹಿಡಿಯುತ್ತಾರೆ. ಮಂಗಳ ಹಾಡಿದ ಮೇಲೆ ಜನ ಚಾಪೆ ಸುತ್ತಿಕೊಂಡು ಹೊರಡುತ್ತಾರೆ. ನಡುರಾತ್ರಿ ಬಂದವನು ಮೊದಲಿನಿಂದ ಕೂತಿದ್ದವನ ಹೆಗಲ ಮೇಲೆ ಕೈ ಹಾಕಿ, ಶಯನಗೃಹದ ದೃಶ್ಯದಲ್ಲಿ ಈ ಸಲದ ಕೃಷ್ಣ ಹೇಗೆ ಹಾಡಿದ ಎಂದು ಕೇಳುತ್ತಾನೆ. ಹೊಲದ ಬದುವಿನ ಮೇಲೆ ನಡೆಯುತ್ತ ಇನ್ನೊಬ್ಬ ಕೊನೆಯಿಂದ ಮೊದಲಿಗೆ ಒಂದೊಂದೇ ದೃಶ್ಯ ಬಿಚ್ಚುತ್ತ ಹೋಗುತ್ತಾನೆ.